ಹರಾಜು ಸಂಸ್ಥೆ ಹೇಳುವ ಬೆಲೆ ಯಾವ ಪ್ರಶ್ನೆಗೆ ಉತ್ತರ?

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿರುವ ಹಳೆಯ ಚಿತ್ರ, ಹೂದಾನಿ, ಬೆಳ್ಳಿ ಸಾಮಾನು, ಗಡಿಯಾರ ಇಂಥವನ್ನು ದೊಡ್ಡ ಹರಾಜು ಸಂಸ್ಥೆಗೆ ತೋರಿಸಿ ಬೆಲೆ ತಿಳಿದುಕೊಳ್ಳುವುದು ಹೇಗೆ ಎಂದು ಮಾತನಾಡಲು ನನಗೆ ಹೇಳಿದ್ದಾರೆ. ಕೇಳುವುದೇನೋ ತುಂಬ ಸುಲಭ. ಸಂಸ್ಥೆಯ ವೆಬ್‌ಸೈಟಿಗೆ ಹೋಗಿ ಫೋಟೋ ಹಾಕಿ, ನಾಲ್ಕು ಸಾಲು ಬರೆದರೆ ಆಯಿತು. ದುಡ್ಡೂ ಕೊಡಬೇಕಿಲ್ಲ. ಬಂದ ಉತ್ತರವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳುವುದೇ ಕಷ್ಟದ ಕೆಲಸ. ಹಾಗಾಗಿ ನನ್ನ ಸಮಯವನ್ನು ಜಾಸ್ತಿ ಅದಕ್ಕೇ ಖರ್ಚು ಮಾಡುತ್ತೇನೆ.

ಮೊದಲು ನೀವೆಲ್ಲ ಕೇಳಬೇಕೆಂದಿರುವ ಕಥೆಯನ್ನು ಹೇಳಿ ಮುಗಿಸಿಬಿಡುತ್ತೇನೆ. 2020ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಒಬ್ಬರು ಯಾರದೋ ಮನೆಯಂಗಳದಲ್ಲಿ ಹಳೆ ಸಾಮಾನು ಮಾರುತ್ತಿದ್ದಾಗ ಒಂದು ನೀಲಿ-ಬಿಳಿ ಪಿಂಗಾಣಿ ಬಟ್ಟಲು ಕೊಂಡರು. 35 ಡಾಲರ್. ಫೋಟೋ ತೆಗೆದು ದೊಡ್ಡ ಹರಾಜು ಸಂಸ್ಥೆಯಾದ ಸೋಥೆಬೀಸ್‌ಗೆ ಕಳಿಸಿದರು. ಅದು 15ನೇ ಶತಮಾನದ ಶುರುವಿನಲ್ಲಿ, ಮಿಂಗ್ ವಂಶದ ಯೊಂಗ್ಲೆ ಚಕ್ರವರ್ತಿಯ ಆಸ್ಥಾನಕ್ಕಾಗಿ ಮಾಡಿದ ಬಟ್ಟಲು ಎಂದು ಅಲ್ಲಿನ ಪರಿಣತರು ಗುರುತಿಸಿದರು. ಅಂಥದ್ದು ಜಗತ್ತಿನಲ್ಲಿ ಬೆರಳೆಣಿಕೆಯಷ್ಟೇ ಉಳಿದಿವೆ. 3 ಲಕ್ಷದಿಂದ 5 ಲಕ್ಷ ಡಾಲರ್ ಬರಬಹುದು ಎಂದು ಅಂದಾಜು ಹಾಕಿದರು. 2021ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ ಅದಕ್ಕೆ ಬಂದದ್ದು 7,21,800 ಡಾಲರ್.

ಇಂಥ ಸುದ್ದಿ ಓದಿದವರು ಅಟ್ಟ ಹತ್ತಿ ಹುಡುಕುತ್ತಾರೆ. ಹುಡುಕಲಿ ಬಿಡಿ. ಆದರೆ ಸುದ್ದಿಯಾಗುವುದು ಇಂಥದ್ದು ಮಾತ್ರ. ಮಿಕ್ಕ ಬಹುಪಾಲು ಜನರಿಗೆ ಬರುವುದು ವಿನಯದಿಂದ ಬರೆದ ಒಂದು ಸಣ್ಣ ಪತ್ರ: ತೋರಿಸಿದ್ದಕ್ಕೆ ಧನ್ಯವಾದ, ಇದು ನಮ್ಮ ಮಾರಾಟಗಳಿಗೆ ಹೊಂದುವುದಿಲ್ಲ. ವಸ್ತು ನಕಲಿ ಎಂದಾಗಲಿ, ಅದಕ್ಕೆ ಬೆಲೆಯೇ ಇಲ್ಲ ಎಂದಾಗಲಿ ಆ ಪತ್ರ ಹೇಳುತ್ತಿಲ್ಲ. ಈ ವಸ್ತುವಿನ ಮೇಲೆ ನಾವು ಮಾಡುವ ಖರ್ಚಿಗೆ ಕಮಿಷನ್ ಸಾಲುವುದಿಲ್ಲ ಎಂದಷ್ಟೇ ಅದರ ಅರ್ಥ. ಇದನ್ನು ತಿಳಿಯಬೇಕಾದರೆ ಈ ಸಂಸ್ಥೆಗಳು ಯಾರು, ಹೇಗೆ ದುಡಿಯುತ್ತವೆ ಎಂದು ನೋಡಬೇಕು.

ಸೋಥೆಬೀಸ್ 1744ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ಸ್ಯಾಮ್ಯುಯೆಲ್ ಬೇಕರ್ ಎಂಬ ಪುಸ್ತಕ ವ್ಯಾಪಾರಿ ಹಳೆಯ ಪುಸ್ತಕಗಳನ್ನು ಹರಾಜು ಹಾಕಿದ್ದು ಅದರ ಮೊದಲ ಕೆಲಸ. ಜೇಮ್ಸ್ ಕ್ರಿಸ್ಟಿ 1766ರಲ್ಲಿ ತನ್ನ ಹೆಸರಿನ ಸಂಸ್ಥೆ ತೆರೆದ. ಬಾನ್‌ಹ್ಯಾಮ್ಸ್ 1793ರದ್ದು. ಫಿಲಿಪ್ಸ್ 1796ರದ್ದು, ಅದನ್ನು ಶುರು ಮಾಡಿದ ಹ್ಯಾರಿ ಫಿಲಿಪ್ಸ್ ಮೊದಲು ಕ್ರಿಸ್ಟಿಯ ಹತ್ತಿರವೇ ಗುಮಾಸ್ತನಾಗಿದ್ದವನು. ಇವು ಮ್ಯೂಸಿಯಮ್ಮುಗಳಲ್ಲ, ವಿಶ್ವವಿದ್ಯಾಲಯಗಳಲ್ಲ. ದಲ್ಲಾಳಿ ಸಂಸ್ಥೆಗಳು. ಬಹಳ ಓದಿಕೊಂಡ ದಲ್ಲಾಳಿಗಳು, ಅದೂ ನಿಜ. ಮಾರುವವರಿಂದ ಕಮಿಷನ್ ತೆಗೆದುಕೊಳ್ಳುತ್ತವೆ. 1975ರಲ್ಲಿ ಸೋಥೆಬೀಸ್ ಮತ್ತು ಕ್ರಿಸ್ಟೀಸ್ ಎರಡೂ ಲಂಡನ್ನಿನಲ್ಲಿ ಕೊಳ್ಳುವವರ ಮೇಲೂ 10 ಪರ್ಸೆಂಟ್ ಹಾಕಲು ಶುರು ಮಾಡಿದವು. ಅದಕ್ಕೆ ಬಯರ್ಸ್ ಪ್ರೀಮಿಯಂ ಎಂದು ಹೆಸರು. ವ್ಯಾಪಾರಿಗಳು ಕೂಗಾಡಿದರು, ಆಮೇಲೆ ಒಗ್ಗಿಕೊಂಡರು. ಈಗ ಅದು ಆಗಿನದಕ್ಕಿಂತ ಎಷ್ಟೋ ಜಾಸ್ತಿ.

ಅಂದರೆ ಅವರಿಗೆ ಮಾರಲು ಸರಕು ಬೇಕು. ಆ ಸರಕು ನಿಮ್ಮ ಮನೆಯಲ್ಲಿದೆ. ಪುಕ್ಕಟೆ ಅಂದಾಜು ಕೊಡುವುದು ಸಮಾಜಸೇವೆಯಲ್ಲ, ಅದು ಸರಕು ಹುಡುಕುವ ದಾರಿ. ಇದರಲ್ಲಿ ಮೋಸವೇನೂ ಇಲ್ಲ. ಎರಡೂ ಕಡೆಯವರಿಗೆ ಲಾಭ. ಆದರೆ ಬೆಲೆ ಹೇಳುವವರೇ ಮಾರುವವರೂ ಹೌದು ಎನ್ನುವುದನ್ನು ನಾವು ತಲೆಯಲ್ಲಿಟ್ಟುಕೊಂಡಿರಬೇಕು, ಅಷ್ಟೇ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಒಂದು ವಸ್ತುವಿಗೆ ಒಂದೇ ಬೆಲೆ ಇರುತ್ತದೆ, ಪರಿಣತರಿಗೆ ಅದು ಗೊತ್ತಿರುತ್ತದೆ, ಕೇಳಿದರೆ ಹೇಳುತ್ತಾರೆ ಎಂದು ನಾವು ನಂಬಿರುತ್ತೇವೆ. ಹಾಗಿಲ್ಲ. ಯಾವ ಪ್ರಶ್ನೆ ಕೇಳಿದಿರಿ ಎನ್ನುವುದರ ಮೇಲೆ ಸಂಖ್ಯೆ ಬದಲಾಗುತ್ತದೆ.

ಹರಾಜು ಅಂದಾಜು ಉತ್ತರಿಸುವ ಪ್ರಶ್ನೆ ಹೀಗಿದೆ: ನಮ್ಮ ಸಂಸ್ಥೆಯಲ್ಲಿ, ಮುಂದಿನ ಕೆಲವು ತಿಂಗಳಲ್ಲಿ, ಇದನ್ನು ಕೂಗಿಗೆ ಇಟ್ಟರೆ ಎಷ್ಟು ಬರಬಹುದು? ಅದಕ್ಕೇ ಉತ್ತರ ಒಂದು ಸಂಖ್ಯೆಯಲ್ಲ, ಇಷ್ಟರಿಂದ ಇಷ್ಟು ಎಂದಿರುತ್ತದೆ.

ವಿಮೆಯವರು ಕೇಳುವ ಪ್ರಶ್ನೆ ಬೇರೆ. ಇದು ನಾಳೆ ಕಳವಾದರೆ, ಬೆಂಕಿಗೆ ಹೋದರೆ, ಇಂಥದ್ದೇ ಇನ್ನೊಂದನ್ನು ಅಂಗಡಿಯಿಂದ ಬೇಗ ತರಲು ಎಷ್ಟು ಬೇಕು? ಅಂಗಡಿಯವನು ತನ್ನ ಬಾಡಿಗೆ, ಲಾಭ ಎಲ್ಲ ಸೇರಿಸಿ ಮಾರುವ ಬೆಲೆ ಅದು. ಹರಾಜು ಅಂದಾಜಿಗಿಂತ ಸಾಕಷ್ಟು ಮೇಲಿರುತ್ತದೆ. ಎಷ್ಟೋ ಜನ ಹಳೆಯ ವಿಮೆ ಕಾಗದದಲ್ಲಿರುವ ಸಂಖ್ಯೆಯನ್ನು ಹಿಡಿದುಕೊಂಡು ಹರಾಜು ಸಂಸ್ಥೆಗೆ ಹೋಗುತ್ತಾರೆ. ಅಲ್ಲಿ ಅರ್ಧಕ್ಕಿಂತ ಕಮ್ಮಿ ಹೇಳಿದರೆ ಮೋಸ ಎಂದು ಸಿಟ್ಟಾಗುತ್ತಾರೆ. ಮೋಸ ಆಗಿಲ್ಲ. ಬೇರೆ ಪ್ರಶ್ನೆಯ ಉತ್ತರವನ್ನು ಇಲ್ಲಿಗೆ ತಂದಿದ್ದಾರೆ, ಅಷ್ಟೆ.

ಮೂರನೆಯದು ತೆರಿಗೆ ಇಲಾಖೆಯ ಪ್ರಶ್ನೆ. ಬ್ರಿಟನ್ನಿನಲ್ಲಿ ಒಬ್ಬರು ತೀರಿಹೋದಾಗ ವಾರಸುದಾರಿಕೆ ತೆರಿಗೆಗೆ ಲೆಕ್ಕ ಹಾಕುವುದು, ಅವರು ತೀರಿಹೋದ ದಿನ ಆ ವಸ್ತು ಬಯಲು ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಹೋಗುತ್ತಿತ್ತು ಎಂದು. ಅಮೆರಿಕದಲ್ಲಿ ಕಲಾಕೃತಿ ದಾನ ಕೊಟ್ಟು 5,000 ಡಾಲರ್‌ಗಿಂತ ಹೆಚ್ಚಿನ ತೆರಿಗೆ ವಿನಾಯಿತಿ ಕೇಳಿದರೆ ಅರ್ಹ ಮೌಲ್ಯಮಾಪಕರ ಲಿಖಿತ ವರದಿ ಬೇಕು. ದೊಡ್ಡ ಮೊತ್ತದವನ್ನು ಮತ್ತೆ ಪರೀಕ್ಷಿಸಲು ಅಲ್ಲಿನ ತೆರಿಗೆ ಇಲಾಖೆ 1968ರಿಂದ ಒಂದು ಕಲಾ ಸಲಹಾ ಸಮಿತಿಯನ್ನೇ ಇಟ್ಟುಕೊಂಡಿದೆ. ಇಂಥ ವರದಿಗೆ ನೀವು ಶುಲ್ಕ ಕೊಡಬೇಕು. ಆ ಶುಲ್ಕ ವಸ್ತುವಿನ ಬೆಲೆಯ ಇಷ್ಟು ಪರ್ಸೆಂಟ್ ಎಂದು ಇರಬಾರದು. ಬೆಲೆ ಏರಿಸಿದಷ್ಟೂ ತನ್ನ ಜೇಬು ತುಂಬುತ್ತದೆ ಎಂದಾದರೆ ಯಾವ ಮೌಲ್ಯಮಾಪಕ ಕಮ್ಮಿ ಹೇಳುತ್ತಾನೆ, ಹೇಳಿ.

ದೊಡ್ಡ ಹರಾಜು ಸಂಸ್ಥೆಗಳಲ್ಲಿ ಇದಕ್ಕೆ ಬೇರೆ ವಿಭಾಗವೇ ಇರುತ್ತದೆ. ಆದ್ದರಿಂದ ಬರೆಯುವಾಗ ಮೊದಲ ಸಾಲಿನಲ್ಲೇ ಹೇಳಿಬಿಡಿ: ಮಾರಬೇಕೆಂದಿದ್ದೇನೆ, ಅಥವಾ ವಿಮೆಗೆ ಬೇಕು, ಅಥವಾ ಅಣ್ಣತಮ್ಮಂದಿರ ನಡುವೆ ಪಾಲಾಗಬೇಕಿದೆ. ಮಾರುವ ಇರಾದೆ ಇಲ್ಲದೆ ಸುಮ್ನೆ ತಿಳಿದುಕೊಳ್ಳೋಣ ಎಂದು ಪುಕ್ಕಟೆ ಅಂದಾಜು ಕೇಳಿದರೆ ಅವರೇನೂ ಬೈಯುವುದಿಲ್ಲ. ಆದರೆ ಆ ಕಾಗದ ತೆರಿಗೆಗೂ ನಡೆಯದು, ಕೋರ್ಟಿಗೂ ನಡೆಯದು.

ಇನ್ನು ಫೋಟೋ ವಿಚಾರ. ಹಗಲಿನ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಇಡೀ ವಸ್ತು ಕಾಣುವಂತೆ ತೆಗೆಯಿರಿ. ಅಳತೆ ಕೊಡಿ, ಚಿತ್ರವಾದರೆ ಚೌಕಟ್ಟು ಬಿಟ್ಟು. ಒಡೆದದ್ದು, ಬಿರುಕು, ಅಂಟಿಸಿದ್ದು ಇದ್ದರೆ ಅದನ್ನೂ ಹತ್ತಿರದಿಂದ ತೆಗೆಯಿರಿ. ಮುಚ್ಚಿಟ್ಟರೆ ಕೈಗೆ ಸಿಕ್ಕ ದಿನ ಗೊತ್ತಾಗಿಯೇ ಆಗುತ್ತದೆ, ಅಲ್ವಾ? ಆಗ ಅಂದಾಜು ಇಳಿಯುವುದರ ಜೊತೆಗೆ ನಿಮ್ಮ ಮೇಲಿನ ನಂಬಿಕೆಯೂ ಇಳಿಯುತ್ತದೆ.

ಬಹಳ ಜನ ಮರೆಯುವುದು ಹಿಂಭಾಗ. ಚಿತ್ರದ ಮುಂಭಾಗ ನೋಡಲು ಚೆಂದ, ಕಥೆ ಇರುವುದೆಲ್ಲ ಹಿಂದೆ. ಕ್ಯಾನ್ವಾಸ್ ಬಿಗಿದಿರುವ ಮರದ ಪಟ್ಟಿಯ ಮೇಲೆ ಕಪ್ಪು ಶಾಯಿಯಲ್ಲಿ ಅಚ್ಚೊತ್ತಿದ ಅಕ್ಷರ-ಸಂಖ್ಯೆ ಕಂಡರೆ ಅದು ಕ್ರಿಸ್ಟೀಸ್‌ನ ಹಳೆಯ ಸ್ಟಾಕ್ ನಂಬರ್ ಇರಬಹುದು. ಅವರ ದಾಖಲೆಯಲ್ಲಿ ಹುಡುಕಿದರೆ ಆ ಚಿತ್ರ ಯಾವ ವರ್ಷ, ಯಾರ ಕಡೆಯಿಂದ ಮಾರಾಟಕ್ಕೆ ಬಂದಿತ್ತು ಎಂದು ತಿಳಿಯುವ ಸಾಧ್ಯತೆ ಇದೆ. ಗ್ಯಾಲರಿಯ ಚೀಟಿ, ಪ್ರದರ್ಶನದ ಚೀಟಿ, ಚೌಕಟ್ಟು ಹಾಕಿದ ಅಂಗಡಿಯ ವಿಳಾಸ, ಪೆನ್ಸಿಲ್‌ನಲ್ಲಿ ಗೀಚಿದ ಹೆಸರು, ಎಲ್ಲವೂ ಬೇಕು. ಚೀಟಿ ಕೊಳಕಾಗಿದೆ ಎಂದು ಕಿತ್ತು ಬಿಸಾಡಿದವರಿದ್ದಾರೆ. ಅಯ್ಯೋ ಅನಿಸುತ್ತದೆ.

ಹಾಗಂತ ಚೀಟಿ ಇದ್ದ ಮಾತ್ರಕ್ಕೆ ಅಸಲಿ ಎಂದಲ್ಲ. ಜರ್ಮನಿಯ ವುಲ್ಫ್‌ಗಾಂಗ್ ಬೆಲ್ಟ್ರಾಕಿ ವರ್ಷಗಟ್ಟಲೆ ನಕಲಿ ಚಿತ್ರಗಳನ್ನು ಮಾರಿದ. ಆಲ್ಫ್ರೆಡ್ ಫ್ಲೆಖ್ಟ್‌ಹೈಮ್ ಎಂಬ ಹೆಸರುವಾಸಿ ಹಳೆಯ ವ್ಯಾಪಾರಿಯ ಸಂಗ್ರಹದ್ದು ಎಂದು ಹೇಳುವ ಚೀಟಿಗಳನ್ನು ತಾನೇ ಮಾಡಿಸಿ ಹಿಂದೆ ಅಂಟಿಸುತ್ತಿದ್ದ. ಜರ್ಮನ್ ಕಲಾವಿದ ಕಾಂಪೆನ್‌ಡಾಂಕ್ 1914ರಲ್ಲಿ ಬಿಡಿಸಿದ್ದು ಎಂದು ಹೇಳಿದ ಒಂದು ಕೃತಿ 2006ರಲ್ಲಿ ಕಲೋನ್ ನಗರದ ಹರಾಜಿನಲ್ಲಿ 28.8 ಲಕ್ಷ ಯೂರೋಗೆ ಹೋಯಿತು. ಆಮೇಲೆ ಬಣ್ಣವನ್ನು ಪರೀಕ್ಷಿಸಿದರು. ಅದರಲ್ಲಿ ಟೈಟೇನಿಯಂ ಬಿಳಿ ಇತ್ತು. 1914ರ ಕಲಾವಿದನಿಗೆ ಆ ಬಣ್ಣ ಸಿಗುವಂತೆಯೇ ಇರಲಿಲ್ಲ. 2011ರಲ್ಲಿ ಅವನಿಗೆ ಜೈಲಾಯಿತು. ಅದೇ ವರ್ಷ ಸೋಥೆಬೀಸ್ ಮೂಲಕ ಖಾಸಗಿಯಾಗಿ ಮಾರಾಟವಾದ, 17ನೇ ಶತಮಾನದ ಡಚ್ ಕಲಾವಿದ ಫ್ರಾನ್ಸ್ ಹಾಲ್ಸ್‌ನ ಚಿತ್ರ ಎಂದುಕೊಂಡಿದ್ದದ್ದು ಆಮೇಲೆ ಹೊಸಗಾಲದ ನಕಲು ಎಂದು ತೀರ್ಮಾನವಾಗಿ, ಸಂಸ್ಥೆ ಕೊಂಡವರ ಹಣವನ್ನು ವಾಪಸು ಕೊಡಬೇಕಾಯಿತು. 2016ರ ಕೊನೆಯಲ್ಲಿ ಸೋಥೆಬೀಸ್ ಬಣ್ಣ ಪರೀಕ್ಷೆ ಮಾಡುವ ಪ್ರಯೋಗಾಲಯವೊಂದನ್ನೇ ಕೊಂಡುಕೊಂಡಿತು.

ಬೆಳ್ಳಿಯಾದರೆ ಮುದ್ರೆಗಳ ಫೋಟೋ ಬೇಕು. ಇಂಗ್ಲೆಂಡಿನ ಬೆಳ್ಳಿಯಲ್ಲಿ ಒಂದು ಕಾಲೆತ್ತಿ ನಡೆಯುವ ಸಿಂಹ ಇದ್ದರೆ 92.5 ಪರ್ಸೆಂಟ್ ಬೆಳ್ಳಿ ಎಂದು ಅರ್ಥ. ಚಿರತೆಯ ತಲೆ ಲಂಡನ್ನಿನಲ್ಲಿ ಪರೀಕ್ಷೆಯಾದದ್ದಕ್ಕೆ ಗುರುತು. ಒಂದು ಅಕ್ಷರ ವರ್ಷ ಹೇಳುತ್ತದೆ, ಇನ್ನೊಂದು ಜೋಡಿ ಅಕ್ಷರ ಮಾಡಿದವನ ಹೆಸರು ಹೇಳುತ್ತದೆ. ಈ ನಾಲ್ಕು ಸಿಕ್ಕಿದರೆ ಪರಿಣತರಿಗೆ ಅರ್ಧ ಕೆಲಸ ಮುಗಿದಂತೆ. ಇಪಿಎನ್‌ಎಸ್ ಎಂದು ಇದ್ದರೆ ಅದು ಬೆಳ್ಳಿ ಲೇಪನ, ದೊಡ್ಡ ಹರಾಜು ಸಂಸ್ಥೆಗೆ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ತಟ್ಟೆಯ ತಳದಲ್ಲಿ ದೇಶದ ಹೆಸರು ಇಂಗ್ಲಿಷಿನಲ್ಲಿದ್ದರೆ ಸಾಮಾನ್ಯವಾಗಿ ಅದು 1891ರ ನಂತರದ್ದು. ಹೊರಗಿನಿಂದ ಬರುವ ಸಾಮಾನಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕು ಎಂದು ಅಮೆರಿಕ ಆಗ ಕಾನೂನು ತಂದಿತ್ತು. ಚೀನೀ ಪಿಂಗಾಣಿಯ ತಳದ ಚಕ್ರವರ್ತಿಯ ಮುದ್ರೆಯನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಹಿಂದಿನ ಚಕ್ರವರ್ತಿಯ ಮೇಲಿನ ಗೌರವಕ್ಕಾಗಿ ಅವನ ಮುದ್ರೆ ಹಾಕುವುದು ಅಲ್ಲಿ ಹಳೆಯ ರೂಢಿ. 17ನೇ ಶತಮಾನದ ಕೊನೆಯ ಬಟ್ಟಲಿನ ಮೇಲೆ 15ನೇ ಶತಮಾನದ ಚೆಂಗ್‌ಹುವಾ ಚಕ್ರವರ್ತಿಯ ಮುದ್ರೆ ಇರುವುದು ತೀರಾ ಮಾಮೂಲು. ಇಟಲಿಯ ಪ್ರಸಿದ್ಧ ಪಿಟೀಲು ತಯಾರಕ ಸ್ಟ್ರಾಡಿವೇರಿಯಸ್ ಹೆಸರಿನ ಒಳಗೆ ಚೀಟಿ ಇರುವ ಪಿಟೀಲುಗಳಂತೂ ಕಾರ್ಖಾನೆಗಳಿಂದ ರಾಶಿರಾಶಿ ಬಂದಿವೆ.

ದಯವಿಟ್ಟು ತೋರಿಸುವ ಮೊದಲು ಏನನ್ನೂ ಉಜ್ಜಬೇಡಿ, ತೊಳೆಯಬೇಡಿ, ಪಾಲಿಶ್ ಹಾಕಿಸಬೇಡಿ. ಹಳೆಯ ನಾಣ್ಯ ಫಳಫಳ ಹೊಳೆದರೆ ಸಂಗ್ರಾಹಕರು ಮುಖ ತಿರುಗಿಸುತ್ತಾರೆ. ಮರದ ಪೀಠೋಪಕರಣದ ಮೇಲೆ ನೂರಾರು ವರ್ಷ ಕೂತ ಬಣ್ಣ ಹೋದರೆ ಅದರ ಜೊತೆಗೆ ಬೆಲೆಯೂ ಹೋಗುತ್ತದೆ.

ಇನ್ನು ಅವರ ಉತ್ತರದ ಭಾಷೆ. ಹಳೆಯ ಚಿತ್ರಗಳಲ್ಲಿ ಇದು ಬಹಳ ಮುಖ್ಯ. ಕ್ಯಾಟಲಾಗಿನಲ್ಲಿ ಕಲಾವಿದನ ಹೆಸರು ಒಂದೇ ಇದ್ದರೆ, ಅವನೇ ಬಿಡಿಸಿದ್ದು ಎಂದು ಸಂಸ್ಥೆ ಹೇಳುತ್ತಿದೆ. ಹೆಸರಿನ ಮುಂದೆ 'ಅಟ್ರಿಬ್ಯೂಟೆಡ್ ಟು' ಎಂದಿದ್ದರೆ ಬಹುಶಃ ಅವನದ್ದೇ, ಪೂರ್ತಿ ಖಾತ್ರಿಯಿಲ್ಲ. 'ಸ್ಟುಡಿಯೋ ಆಫ್' ಎಂದರೆ ಅವನ ಕಾರ್ಯಾಗಾರದಲ್ಲಿ ಆದದ್ದು. 'ಸರ್ಕಲ್ ಆಫ್' ಎಂದರೆ ಅವನ ಕಾಲದಲ್ಲಿ, ಅವನ ಪ್ರಭಾವದಲ್ಲಿದ್ದ ಬೇರೊಬ್ಬ. 'ಫಾಲೋವರ್', 'ಮ್ಯಾನರ್' ಎಂದು ಹೋದಂತೆ ದೂರವಾಗುತ್ತದೆ. 'ಆಫ್ಟರ್' ಎಂದರೆ ಪ್ರತಿ. ಸಹಿ ಇದೆ ಎನ್ನುವುದಕ್ಕೂ, ಸಹಿಯನ್ನು 'ಹೊತ್ತಿದೆ' ಎನ್ನುವುದಕ್ಕೂ ವ್ಯತ್ಯಾಸವಿದೆ. ಎರಡನೆಯದರಲ್ಲಿ ಆ ಸಹಿ ಬೇರೆ ಯಾರೋ ಹಾಕಿದ್ದಿರಬಹುದು ಎನ್ನುವ ಅನುಮಾನ ಅಡಗಿದೆ. ಈ ಮೆಟ್ಟಿಲುಗಳಲ್ಲಿ ಒಂದೊಂದು ಇಳಿದಂತೆ ಬೆಲೆ ಧಡಾರನೆ ಬೀಳುತ್ತದೆ.

ಎಷ್ಟು ಬೀಳುತ್ತದೆ ಎನ್ನುವುದಕ್ಕೆ ಒಂದು ಕೋರ್ಟ್ ಕೇಸು ಇದೆ. ಇಸ್ಪೀಟಿನಲ್ಲಿ ಮೋಸ ಮಾಡುವವರನ್ನು ತೋರಿಸುವ ಒಂದು ಚಿತ್ರ, ಇಟಲಿಯ ಹಳೆಯ ಕಲಾವಿದ ಕಾರವಾಜಿಯೋನ ಪ್ರಸಿದ್ಧ ಕೃತಿಯಂತೆಯೇ ಇರುವಂಥದ್ದು, ಲಂಡನ್ನಿನ ಸೋಥೆಬೀಸ್‌ಗೆ ಬಂತು. ಅವರು ನೋಡಿದರು. ಕಾರವಾಜಿಯೋನ ಅನುಯಾಯಿ ಮಾಡಿದ ಪ್ರತಿ ಎಂದರು. 2006ರಲ್ಲಿ 42,000 ಪೌಂಡಿಗೆ ಮಾರಿದರು. ಅದು ಹೋದದ್ದು ಸರ್ ಡೆನಿಸ್ ಮಹೋನ್ ಕೈಗೆ. ಇಟಲಿಯ ಹಳೆಯ ಚಿತ್ರಗಳಲ್ಲಿ ಅವರದ್ದು ದೊಡ್ಡ ಹೆಸರು. ಇದು ಕಾರವಾಜಿಯೋನದ್ದೇ ಎಂದು ಅವರು ಪ್ರಕಟಿಸಿದರು. 1 ಕೋಟಿ ಪೌಂಡ್ ಬೆಲೆಯ ಮಾತು ಬಂತು. ಮೊದಲು ಮಾರಿದವರು ಸಂಸ್ಥೆಯ ಮೇಲೆ ಕೇಸು ಹಾಕಿದರು: ಎಕ್ಸ್‌ರೇ ಸರಿಯಾಗಿ ನೋಡಲಿಲ್ಲ, ಇನ್‌ಫ್ರಾರೆಡ್ ಚಿತ್ರ ತೆಗೆಯಲಿಲ್ಲ ಎಂದು. 2015ರಲ್ಲಿ ಹೈಕೋರ್ಟ್ ಸೋಥೆಬೀಸ್ ಪರವಾಗಿ ತೀರ್ಪು ಕೊಟ್ಟಿತು. ಅರ್ಹ ಪರಿಣತರು ಚಿತ್ರದ ಗುಣಮಟ್ಟ ನೋಡಿ, ಇದು ಅವನದ್ದಲ್ಲ ಎಂದು ತೀರ್ಮಾನಿಸಿದರೆ ಅದು ಅಜಾಗರೂಕತೆಯಲ್ಲ ಎಂದಿತು. ಆ ಚಿತ್ರ ಯಾರದ್ದು ಎನ್ನುವ ಜಗಳ ತಜ್ಞರ ನಡುವೆ ಬಗೆಹರಿದಿಲ್ಲ.

ಅದಕ್ಕಿಂತ ಹಳೆಯ ಇನ್ನೊಂದು ಕೇಸು ನನಗೆ ಇನ್ನೂ ಇಷ್ಟ. ಬೇಟೆನಾಯಿಗಳ ಎರಡು ಪುಟ್ಟ ಚಿತ್ರಗಳನ್ನು 1985ರಲ್ಲಿ ಇಂಗ್ಲೆಂಡಿನ ಒಂದು ಸಣ್ಣ ಊರಿನ ಹರಾಜುದಾರರು 840 ಪೌಂಡಿಗೆ ಮಾರಿದರು. ಕೆಲವೇ ತಿಂಗಳಲ್ಲಿ ಅವು 18ನೇ ಶತಮಾನದ ಇಂಗ್ಲಿಷ್ ಕಲಾವಿದ ಜಾರ್ಜ್ ಸ್ಟಬ್ಸ್‌ನ ಚಿತ್ರಗಳೆಂದು ಸೋಥೆಬೀಸ್‌ನಲ್ಲಿ 88,000 ಪೌಂಡಿಗೆ ಹೋದವು. ಕೇಸು ಮೇಲಿನ ಕೋರ್ಟಿಗೆ ಹೋಯಿತು. ಸಣ್ಣ ಊರಿನ ಹರಾಜುದಾರ ಅಂದರೆ ಮಾಮೂಲಿ ಡಾಕ್ಟರ್ ಇದ್ದಂತೆ, ಅವನಿಂದ ದೊಡ್ಡ ಆಸ್ಪತ್ರೆಯ ಸ್ಪೆಷಲಿಸ್ಟ್‌ನಷ್ಟು ನಿರೀಕ್ಷಿಸಲಾಗದು ಎಂದು 1990ರಲ್ಲಿ ನ್ಯಾಯಾಧೀಶರು ಹೇಳಿದರು. ಈ ತೀರ್ಪಿನಲ್ಲಿ ನಮಗೊಂದು ಉಪಯೋಗವಿದೆ. ದೊಡ್ಡ ಸಂಸ್ಥೆಗೆ ಬರೆಯುವುದು ಯಾಕೆ ಎಂದು ಕೇಳಿದರೆ ಉತ್ತರ ಇದೇ: ಅಲ್ಲಿ ಚೀನೀ ಪಿಂಗಾಣಿಗೆ ಒಬ್ಬರು, ಗಡಿಯಾರಕ್ಕೆ ಒಬ್ಬರು, ಹಸ್ತಪ್ರತಿಗೆ ಒಬ್ಬರು ಇರುತ್ತಾರೆ. ಕೋರ್ಟು ಕೂಡ ಅವರಿಂದ ಜಾಸ್ತಿ ನಿರೀಕ್ಷಿಸುತ್ತದೆ. ಆದರೆ ಅವರೂ ಹೇಳುವುದು ಅಭಿಪ್ರಾಯವನ್ನೇ. ಆದ್ದರಿಂದ ವಸ್ತು ಚೆನ್ನಾಗಿದೆ ಎಂದು ನಿಮಗೆ ಬಲವಾದ ಅನುಮಾನವಿದ್ದರೆ ಎರಡು ಮೂರು ಕಡೆ ಕೇಳಿ. ಕೇಳಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಆದರೆ ಎರಡು ಮೂರು ಕಡೆ ಕೇಳಿದಾಗ ಒಂದು ಹಳ್ಳ ಇದೆ, ನೋಡಿಕೊಳ್ಳಿ. ಎಲ್ಲರಿಗಿಂತ ಜಾಸ್ತಿ ಹೇಳಿದವರಿಗೆ ವಸ್ತು ಕೊಡಬೇಕು ಎಂದು ಮನಸ್ಸು ಎಳೆಯುತ್ತದೆ. ಇದು ಸಂಸ್ಥೆಗಳಿಗೂ ಗೊತ್ತು. ಅಂದಾಜು ಅಂದರೆ ಖರೀದಿಯ ಮಾತಲ್ಲ, ಅಷ್ಟು ಕೊಡುತ್ತೇವೆ ಎಂದು ಯಾರೂ ಬರೆದುಕೊಟ್ಟಿಲ್ಲ. ಅಂದಾಜು ಜಾಸ್ತಿ ಇದ್ದರೆ ಕೂಗುವವರು ಹಿಂದೆ ಸರಿಯುತ್ತಾರೆ. ವಸ್ತು ಮಾರಾಟವಾಗದೆ ಉಳಿಯುತ್ತದೆ. ಆ ಸಂಗತಿ ಮಾರಾಟ ದಾಖಲೆಗಳಲ್ಲಿ ಎಲ್ಲರಿಗೂ ಸಿಗುತ್ತದೆ. ಒಮ್ಮೆ ಹೀಗೆ ವಾಪಸು ಬಂದ ವಸ್ತುವನ್ನು ಮುಂದೆ ಕೆಲವು ವರ್ಷ ಮಾರುವುದು ಕಷ್ಟ. ಅಂದಾಜು ಸ್ವಲ್ಪ ಕಮ್ಮಿ ಇಟ್ಟರೆ ಇಬ್ಬರು ಮೂವರು ಪೈಪೋಟಿಗೆ ಬೀಳುತ್ತಾರೆ, ಆಗಲೇ ಬೆಲೆ ಏರುವುದು. ನಿಮ್ಮ ರಕ್ಷಣೆಗೆ ರಿಸರ್ವ್ ಇದೆ. ಅದಕ್ಕಿಂತ ಕೆಳಗೆ ಕೊಡಬೇಡಿ ಎಂದು ನೀವು ಗುಟ್ಟಾಗಿ ಹೇಳಿಡುವ ಬೆಲೆ. ಅದು ಅಂದಾಜಿನ ಕೆಳಗಿನ ಸಂಖ್ಯೆಗಿಂತ ಮೇಲೆ ಇರುವ ಹಾಗಿಲ್ಲ. ಮಾರಾಟಕ್ಕೆ ಒಂದು ವಾರ ಇರುವಾಗ 'ರಿಸರ್ವ್ ಸ್ವಲ್ಪ ಇಳಿಸೋಣವೇ' ಎಂದು ಫೋನ್ ಬಂದರೆ, ಅಂದಾಜು ಮೊದಲೇ ಉಬ್ಬಿತ್ತು ಎಂದು ತಿಳಿಯಿರಿ.

ಅಂದಾಜು ಎಷ್ಟು ತಪ್ಪಬಹುದು? 2022ರಲ್ಲಿ ಫ್ರಾನ್ಸಿನ ಫಾಂಟೆನ್‌ಬ್ಲೋದಲ್ಲಿ ಒಂದು ನೀಲಿ-ಬಿಳಿ ಚೀನೀ ಹೂದಾನಿಗೆ 1,500ರಿಂದ 2,000 ಯೂರೋ ಎಂದು ಬರೆದಿದ್ದರು. ಅದು 20ನೇ ಶತಮಾನದ ಅಲಂಕಾರದ ವಸ್ತು ಎನ್ನುವುದು ಪರಿಣತರ ಅಭಿಪ್ರಾಯ. ಹರಾಜಿನಲ್ಲಿ 77 ಲಕ್ಷ ಯೂರೋಗೆ ಸುತ್ತಿಗೆ ಬಿತ್ತು, ಅಂದರೆ ಕೂಗು ಅಲ್ಲಿಗೆ ಮುಗಿಯಿತು. ಆಮೇಲೂ ಆ ಪರಿಣತರು ತಮ್ಮ ಮಾತು ಬದಲಿಸಲಿಲ್ಲ. ಅವರ ಕೆಲಸ ಹೋಯಿತು. ಯಾರು ಸರಿ? ಎರಡು ಜನ ಶ್ರೀಮಂತರು ಒಂದೇ ವಸ್ತು ಬೇಕೆಂದು ಹಟ ಹಿಡಿದರೆ ಬೆಲೆ ಏರುತ್ತದೆ. ಅದರಿಂದ ಹೂದಾನಿಯ ವಯಸ್ಸು ಸಾಬೀತಾಗುವುದಿಲ್ಲ. ನನಗಂತೂ ಆ ಪರಿಣತರ ಮೇಲೆ ಸ್ವಲ್ಪ ಗೌರವವೇ ಇದೆ.

ಕೂಗಿದ ಬೆಲೆ ಕೈಗೆ ಬಂದ ಬೆಲೆಯೂ ಅಲ್ಲ. 2010ರಲ್ಲಿ ಲಂಡನ್ನಿನ ಹೊರವಲಯದ ರೈಸ್ಲಿಪ್‌ನ ಒಂದು ಸಣ್ಣ ಹರಾಜು ಸಂಸ್ಥೆಯಲ್ಲಿ 18ನೇ ಶತಮಾನದ ಚೀನೀ ಚಕ್ರವರ್ತಿ ಚಿಯೆನ್‌ಲುಂಗ್ ಕಾಲದ ಹೂದಾನಿಯೊಂದು 4.3 ಕೋಟಿ ಪೌಂಡಿಗೆ ಹೋಯಿತು. ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಕೂಗಿದವನು ದುಡ್ಡೇ ಕೊಡಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಎಳೆದಾಡಿ, ಕೊನೆಗೆ ಬಾನ್‌ಹ್ಯಾಮ್ಸ್ ಮೂಲಕ ಬೇರೊಬ್ಬರಿಗೆ, ಸುಮಾರು ಅರ್ಧ ಬೆಲೆಗೆ ಹೋಯಿತು ಎಂದು ಪತ್ರಿಕೆಗಳು ವರದಿ ಮಾಡಿದವು.

ಎಲ್ಲ ಸರಿಯಾಗಿ ನಡೆದಾಗಲೂ ಲೆಕ್ಕ ನೋಡಿಕೊಳ್ಳಬೇಕು. 2017ರ ನವೆಂಬರ್‌ನಲ್ಲಿ ಕ್ರಿಸ್ಟೀಸ್ ಮಾರಿದ 'ಸಾಲ್ವಾತೋರ್ ಮುಂಡಿ' ಚಿತ್ರ ಎಲ್ಲರಿಗೂ ಗೊತ್ತು. ಲಿಯೊನಾರ್ಡೊನದ್ದು ಎಂದು ಮಾರಿದ್ದು. ಪತ್ರಿಕೆಯಲ್ಲಿ ಬಂದ ಬೆಲೆ 45 ಕೋಟಿ ಡಾಲರ್ ಚಿಲ್ಲರೆ. ಸುತ್ತಿಗೆ ಬಿದ್ದದ್ದು 40 ಕೋಟಿಗೆ. ಮಿಕ್ಕ 5 ಕೋಟಿ ಡಾಲರ್ ಕೊಂಡವರು ಸಂಸ್ಥೆಗೆ ಕೊಟ್ಟ ಪ್ರೀಮಿಯಂ. ಪತ್ರಿಕೆಯಲ್ಲಿ ಓದುವ ಬೆಲೆಯಲ್ಲಿ ಪ್ರೀಮಿಯಂ ಸೇರಿರುತ್ತದೆ, ನಿಮಗೆ ಕೊಡುವ ಅಂದಾಜಿನಲ್ಲಿ ಸೇರಿರುವುದಿಲ್ಲ. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಾರದು. ನಿಮ್ಮ ಪಾಲಿಗೆ ಬರುವುದು ಸುತ್ತಿಗೆ ಬೆಲೆ. ಅದರಲ್ಲೂ ಮಾರುವವರ ಕಮಿಷನ್, ವಿಮೆ, ಸಾಗಣೆ, ಕೆಲವು ಕಡೆ ಫೋಟೋ ಖರ್ಚು ಕಳೆಯುತ್ತಾರೆ. ಮಾರಾಟವಾಗದಿದ್ದರೂ ಕೆಲವರು ಶುಲ್ಕ ಹಾಕುತ್ತಾರೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಇವನ್ನೆಲ್ಲ ಒಂದೊಂದಾಗಿ ಕೇಳಿ. ಒಳ್ಳೆಯ ವಸ್ತು ಇದ್ದರೆ ಕಮಿಷನ್‌ನಲ್ಲಿ ಚೌಕಾಸಿ ನಡೆಯುತ್ತದೆ. ನಾಚಿಕೆ ಬೇಡ.

ಚೌಕಾಸಿಗೆ ಜಾಗ ಇಲ್ಲದಂತೆ ಮಾಡಲು ಹೋಗಿ ಎರಡು ದೊಡ್ಡ ಸಂಸ್ಥೆಗಳು ಸಿಕ್ಕಿಬಿದ್ದದ್ದೂ ಉಂಟು. 1990ರ ದಶಕದಲ್ಲಿ ಸೋಥೆಬೀಸ್ ಮತ್ತು ಕ್ರಿಸ್ಟೀಸ್ ಮಾರುವವರ ಕಮಿಷನ್ ದರವನ್ನು ಒಳಗೊಳಗೇ ಮಾತಾಡಿಕೊಂಡು ನಿಗದಿ ಮಾಡಿದ್ದವು. 2000ದಲ್ಲಿ ಬಯಲಾಯಿತು. ಗ್ರಾಹಕರ ದಾವೆಗೆ ಇಬ್ಬರೂ ಸೇರಿ 51.2 ಕೋಟಿ ಡಾಲರ್ ಕೊಡಬೇಕಾಯಿತು. ಸೋಥೆಬೀಸ್‌ನ ಅಧ್ಯಕ್ಷರಾಗಿದ್ದ ಆಲ್ಫ್ರೆಡ್ ಟಾಬ್‌ಮನ್ ಜೈಲಿಗೆ ಹೋದರು.

ಕಾಗದಪತ್ರದ ವಿಚಾರ ಬಾಕಿ ಇದೆ. ವಸ್ತು ಯಾರಿಂದ ಯಾರಿಗೆ ಬಂತು ಎನ್ನುವ ಇತಿಹಾಸ, ಅವರ ಮಾತಿನಲ್ಲಿ ಪ್ರಾವೆನನ್ಸ್, ಹಿಂದೆ ಬೆಲೆಗೆ ಮೆರುಗು ಕೊಡುವ ಸಂಗತಿಯಾಗಿತ್ತು. ಈಗ ಅದಿಲ್ಲದೆ ಕೆಲವು ವಸ್ತುಗಳನ್ನು ಅವರು ಮುಟ್ಟುವುದೇ ಇಲ್ಲ. ಯುರೋಪಿನ ಚಿತ್ರವಾದರೆ 1933ರಿಂದ 1945ರ ನಡುವೆ ಎಲ್ಲಿತ್ತು ಎಂದು ಕೇಳುತ್ತಾರೆ, ನಾಜಿಗಳು ದೋಚಿದ್ದಾಗಿರಬಹುದು ಎಂದು. ಪುರಾತನ ಶಿಲ್ಪವಾದರೆ 1970ಕ್ಕೆ ಮೊದಲೇ ಮೂಲ ದೇಶದಿಂದ ಹೊರಬಂದಿತ್ತೇ ಎಂದು ಕೇಳುತ್ತಾರೆ. ಕಳ್ಳಸಾಗಣೆ ತಡೆಯುವ ಯುನೆಸ್ಕೋ ಒಪ್ಪಂದ ಆದ ವರ್ಷ ಅದು. ಆನೆದಂತ ಇದ್ದರೆ ಇನ್ನೂ ಕಷ್ಟ. ಅಮೆರಿಕ 2016ರಲ್ಲಿ, ಬ್ರಿಟನ್ 2022ರಲ್ಲಿ ಅದರ ವ್ಯಾಪಾರವನ್ನು ಹೆಚ್ಚುಕಡಿಮೆ ನಿಲ್ಲಿಸಿವೆ. ಹಳೆಯದಕ್ಕೆ ಇರುವ ವಿನಾಯಿತಿಯೂ ಬಿಗಿಯಾದದ್ದು. ಹಳೆಯ ರಸೀದಿ, ಅಜ್ಜನ ಪತ್ರ, ಮದುವೆ ಫೋಟೋದ ಹಿನ್ನೆಲೆಯಲ್ಲಿ ಗೋಡೆಯ ಮೇಲೆ ಕಾಣುವ ಚಿತ್ರ, ಇವೆಲ್ಲ ಪುರಾವೆಯಾಗುತ್ತವೆ. ವಸ್ತುವನ್ನು ದೇಶದಿಂದ ಹೊರಗೆ ಕಳಿಸಬೇಕಿದ್ದರೆ ಆ ದೇಶದ ರಫ್ತು ಕಾನೂನನ್ನು ಮೊದಲು ನೋಡಿ. ಫೋಟೋ ಕಳಿಸುವುದಕ್ಕೆ ಅನುಮತಿ ಬೇಡ, ವಸ್ತು ಕಳಿಸುವುದಕ್ಕೆ ಬೇಕಾಗಬಹುದು.

ಆಧುನಿಕ ಕಲೆಗೆ ಇನ್ನೊಂದು ತೊಡಕಿದೆ. ಕಲಾವಿದನ ಎಲ್ಲ ಕೃತಿಗಳ ಅಧಿಕೃತ ಪಟ್ಟಿಯಲ್ಲಿ ನಿಮ್ಮದು ಇಲ್ಲದಿದ್ದರೆ ಅಂದಾಜೇ ಸಿಗದಿರಬಹುದು. ಮೊದಲಾದರೆ ಕಲಾವಿದರ ಪ್ರತಿಷ್ಠಾನಗಳಿಗೆ ಕಳಿಸಿ ಪ್ರಮಾಣಪತ್ರ ತರಬಹುದಿತ್ತು. ಕೋರ್ಟ್ ಕೇಸುಗಳ ಕಾಟಕ್ಕೆ ಬೇಸತ್ತು ಅಮೆರಿಕದ ಕಲಾವಿದರಾದ ವಾರ್‌ಹಾಲ್, ಬಾಸ್ಕಿಯಾ, ಕೀತ್ ಹ್ಯಾರಿಂಗ್ ಕೃತಿಗಳನ್ನು ಪರೀಕ್ಷಿಸುತ್ತಿದ್ದ ಸಮಿತಿಗಳು 2012ರ ಹೊತ್ತಿಗೆ ಬಾಗಿಲು ಹಾಕಿದವು. ಸೋಥೆಬೀಸ್, ಕ್ರಿಸ್ಟೀಸ್ ಎರಡೂ ಕೊಂಡವರಿಗೆ 5 ವರ್ಷದ ಖಾತ್ರಿ ಕೊಡುತ್ತವೆ. ಅಷ್ಟರೊಳಗೆ ನಕಲಿ ಎಂದು ಸಾಬೀತಾದರೆ ಹಣ ವಾಪಸು. ಆಗ ಒಪ್ಪಂದದ ಪ್ರಕಾರ ನಿಮ್ಮಿಂದಲೂ ವಾಪಸು ಕೇಳಬಹುದು. ಬಂದ ದುಡ್ಡನ್ನೆಲ್ಲ ಆ ವರ್ಷವೇ ಖರ್ಚು ಮಾಡುವ ಮೊದಲು ಆ ಷರತ್ತನ್ನು ಓದಿ.

ಕೊನೆಗೆ, ಬೇಡ ಎಂಬ ಪತ್ರ ಬಂದರೆ ಏನು ಮಾಡುವುದು? ನಿಮ್ಮ ವಸ್ತುವಿನ ಬಗೆಯನ್ನೇ ಮಾರುವ ಸಣ್ಣ ಸಂಸ್ಥೆ ಹುಡುಕಿ. ನಾಣ್ಯ, ಅಂಚೆಚೀಟಿ, ಆಟಿಕೆ, ಪಿಟೀಲು, ಪುಸ್ತಕ, ಎಲ್ಲಕ್ಕೂ ಬೇರೆಬೇರೆ ಹರಾಜುದಾರರಿದ್ದಾರೆ. ಈ ಬಗೆಯ ವಸ್ತುಗಳಿಗೆ ಅವರ ಬಳಿಯೇ ಕೊಳ್ಳುವವರು ಜಾಸ್ತಿ. ಸಣ್ಣವರು ಎಂದು ತಾತ್ಸಾರ ಬೇಡ. ಫ್ರಾನ್ಸಿನ ಕಾಂಪಿಯೆನ್ ಊರಿನ ವೃದ್ಧೆಯೊಬ್ಬರು ಮನೆ ಖಾಲಿ ಮಾಡುವಾಗ ಸಾಮಾನು ನೋಡಲು ಅಲ್ಲಿನ ಹರಾಜುದಾರರನ್ನು ಕರೆಸಿದ್ದರು. ಅಡುಗೆಮನೆಯ ಒಲೆಯ ಮೇಲಿನ ಗೋಡೆಯಲ್ಲಿ ಎ4 ಹಾಳೆಗಿಂತ ಸ್ವಲ್ಪ ಚಿಕ್ಕ ಹಲಗೆಯ ಚಿತ್ರವಿತ್ತು. ಮನೆಯವರು ಅದನ್ನು ಮಾಮೂಲಿ ಧಾರ್ಮಿಕ ಚಿತ್ರ ಎಂದುಕೊಂಡಿದ್ದರು. ಹರಾಜುದಾರರಿಗೆ ಅನುಮಾನ ಬಂತು. ಅದನ್ನು ಪ್ಯಾರಿಸಿನ ಹಳೆಯ ಚಿತ್ರಗಳ ತಜ್ಞರಿಗೆ ಕಳಿಸಿದರು. ಅದು 13ನೇ ಶತಮಾನದ ಇಟಲಿಯ ಚೀಮಾಬುಯೆ ಬಿಡಿಸಿದ್ದು. 2019ರ ಅಕ್ಟೋಬರ್‌ನಲ್ಲಿ ಸಾನ್ಲಿಸ್ ಎಂಬ ಊರಿನಲ್ಲಿ ಹರಾಜಾಯಿತು. ಅಂದಾಜು 40ರಿಂದ 60 ಲಕ್ಷ ಯೂರೋ, ಬಂದದ್ದು 2.4 ಕೋಟಿ ಯೂರೋಗೂ ಹೆಚ್ಚು. ಫ್ರಾನ್ಸ್ ಸರ್ಕಾರ ಹೊರಗೆ ಹೋಗಲು ಬಿಡಲಿಲ್ಲ. ಈಗ ಅದು ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ.

ನನ್ನ ಮಾತು ಇಷ್ಟೇ. ಫೋನಿನಲ್ಲಿ ಫೋಟೋ ಇಟ್ಟುಕೊಂಡು ಬಂದಿರುವವರು ಇಲ್ಲಿ ಒಂದಿಬ್ಬರಾದರೂ ಇದ್ದಾರೆ ಎಂದು ನನಗೆ ಗೊತ್ತು. ಸಂತೋಷವಾಗಿ ನೋಡುತ್ತೇನೆ. ಹಿಂಭಾಗದ ಫೋಟೋವನ್ನು ಮೊದಲು ತೋರಿಸಿ. ಬೆಲೆ ಮಾತ್ರ ಕೇಳಬೇಡಿ, ನಾನು ಹೇಳುವುದಿಲ್ಲ.